ಉಪ್ಪುನೀರಿನ ಹತ್ತನೆಯವಳು

"ಇದೊಂದು ಬಿಟ್ಟು," ಎಂದ ಸ್ಕ್ಯಾನ್ ಕೋಣೆಯವನು, ಪರದೆಯ ಮೇಲಿನ ಕೊನೆಯ ಚಿತ್ರಕ್ಕೆ ಬೆರಳು ತಾಗಿಸಿ. "ಮಿಕ್ಕ ಒಂಬತ್ತೂ ಗಟ್ಟಿಯಾಗಿವೆ. ಇದು ಇದ್ದ ಹಾಗೇ ಇದೆ. ಇನ್ನೂ ಸ್ವಲ್ಪ ಸವೆದಿದೆ ಅಂತಲೇ ಹೇಳ್ಬೋದು."

ಚಿತ್ರದ ಮೂಲೆಯಲ್ಲಿ ಹೆಸರಿರಲಿಲ್ಲ, ಸಂಖ್ಯೆಯಷ್ಟೇ ಇತ್ತು. ಆದರೂ ಆ ಬೆನ್ನು ನನಗೆ ಗೊತ್ತಿತ್ತು. ಕುಸಿದು ಚಪ್ಪಟೆಯಾದ ಎರಡು ಬೆನ್ನುಮಣಿ, ಅವುಗಳ ಮೇಲೆ ಮುಂದಕ್ಕೆ ಬಾಗಿದ ಸಾಲು. ಹೊಲಿಗೆ ಯಂತ್ರದ ಮುಂದೆ ಬಗ್ಗಿ ಬಗ್ಗಿ ನನ್ನನ್ನು ಓದಿಸಿದ ಬೆನ್ನು. ನನ್ನ ಚಿಕ್ಕಮ್ಮನದು.

ಕೇಸು ಇಷ್ಟೇ: ಈ ಆಸ್ಪತ್ರೆಯಲ್ಲಿ ಸವೆದ ಮೂಳೆಗೆ ಹೊಸ ಔಷಧವೊಂದರ ಪರೀಕ್ಷೆ ನಡೆದಿತ್ತು. ಅರ್ಧ ಜನರಿಗೆ ನಿಜವಾದ ಔಷಧ, ಅರ್ಧ ಜನರಿಗೆ ಬರೀ ಉಪ್ಪುನೀರು, ಯಾರಿಗೆ ಯಾವುದೆಂದು ರೋಗಿಗಳಿಗೂ ಗೊತ್ತಿಲ್ಲ, ಡಾಕ್ಟರಿಗೂ ಗೊತ್ತಿಲ್ಲ. ಆದರೆ ಉಪ್ಪುನೀರಿನವರ ಮೂಳೆಯೂ ಗಟ್ಟಿಯಾಗತೊಡಗಿತ್ತು. ಯಾರೋ ಬಾಟಲಿ ಬದಲಿಸುತ್ತಿದ್ದರು.

ಎರಡೂ ಗುಂಪು ಒಂದೇ ಥರ ಸುಧಾರಿಸಿದರೆ ಔಷಧಕ್ಕೂ ನೀರಿಗೂ ವ್ಯತ್ಯಾಸವಿಲ್ಲ ಎಂದೇ ಅರ್ಥ. ಬದಲಿಸಿದವರು ಸಿಗದಿದ್ದರೆ ಔಷಧವನ್ನು ಕಸದ ಬುಟ್ಟಿಗೆ ಹಾಕುತ್ತಾರೆ. ಹಳೆಯ ಔಷಧ ಯಾವುದೂ ಚಿಕ್ಕಮ್ಮನ ಮೈಗೆ ಒಗ್ಗಿರಲಿಲ್ಲ. ಇದೂ ಹೋದರೆ ಅವಳಿಗೆ ಬೇರೆ ಏನೂ ಇಲ್ಲ. ಇನ್ನೊಂದು ಮಣಿ ಕುಸಿದರೆ ಹಾಸಿಗೆಯೇ ಗತಿ ಎಂದು ಪರೀಕ್ಷೆ ನಡೆಸುವ ದೊಡ್ಡ ಡಾಕ್ಟರು ಮುಖಕ್ಕೇ ಹೇಳಿದ್ದರು.

ನನ್ನ ಮಾಮೂಲು ಕೆಲಸ ವಿಮೆಯ ಸುಳ್ಳು ಹಿಡಿಯುವುದು. ಪರೀಕ್ಷೆಯ ಮೇಲ್ವಿಚಾರಣಾ ಸಮಿತಿಯ ಅಧ್ಯಕ್ಷೆ ನನ್ನನ್ನು ಕರೆಸಿದಾಗ, ನನ್ನ ಚಿಕ್ಕಮ್ಮನೂ ಈ ಪರೀಕ್ಷೆಯಲ್ಲಿದ್ದಾಳೆ ಎಂದು ಮೊದಲೇ ಹೇಳಿದ್ದೆ. ಅದಕ್ಕೇ ನಿಮ್ಮನ್ನು ಕರೆಸಿದ್ದು, ನೀವು ಕಾರಿಡಾರಿನಲ್ಲಿ ಕೂತರೆ ಯಾರೂ ಅನುಮಾನ ಪಡುವುದಿಲ್ಲ ಎಂದಿದ್ದರು. ಈ ತಿಂಗಳ ಚುಚ್ಚುಮದ್ದಿನ ಹಿಂದಿನ ದಿನ, ಯಾರು ಯಾವ ಗುಂಪು ಎಂಬ ಗುಟ್ಟನ್ನು ನನ್ನೆದುರಿಗೇ ಬಿಚ್ಚಿ ತೋರಿಸಿದರು. ಅದನ್ನು ಕಂಡವರು ಅವರೊಬ್ಬರು, ನಾನೊಬ್ಬಳು.

ಹಾಗಾಗಿ ಚಿಕ್ಕಮ್ಮ ಉಪ್ಪುನೀರಿನವಳೆಂದು ನನಗೆ ಗೊತ್ತಿತ್ತು. ಸ್ಕ್ಯಾನ್ ಕೋಣೆಯಲ್ಲಿ ನಾನು ತೆಗೆಸಿ ನೋಡಿದ್ದು ಉಪ್ಪುನೀರಿನ ಹತ್ತು ಮಂದಿಯ ಚಿತ್ರಗಳನ್ನೇ. ಆ ಹತ್ತರಲ್ಲಿ ಅವಳೊಬ್ಬಳೇ ನಿಜವಾಗಿಯೂ ಉಪ್ಪುನೀರು ಪಡೆದವಳೆಂದು ಗೊತ್ತಾದದ್ದು ಈಗ.

ಮೊದಲು ಬಂದದ್ದು ಯೋಚನೆಯಲ್ಲ, ಸಿಟ್ಟು. ಕದ್ದು ಔಷಧ ಕೊಡುವ ಪುಣ್ಯಾತ್ಮರು ಒಂಬತ್ತು ಜನಕ್ಕೆ ಕೊಟ್ಟು ನಮ್ಮವಳನ್ನೇ ಏಕೆ ಬಿಟ್ಟರು?

ಕಾರಿಡಾರಿನ ಬೆಂಚಿನ ಮೇಲೆ ಆ ಒಂಬತ್ತರಲ್ಲೊಬ್ಬಳು ಕೂತಿದ್ದಳು. ಹಿಂದೆ ಬಸ್ ಕಂಡಕ್ಟರ್ ಆಗಿದ್ದವಳು. ಕೆಮ್ಮಿದರೆ ಪಕ್ಕೆಲುಬು ಬಿರುಕುಬಿಡುತ್ತಿತ್ತಂತೆ. ಈಗ ಮೊಮ್ಮಗಳನ್ನು ಎತ್ತಿಕೊಳ್ಳುತ್ತಾಳೆ. ಅದನ್ನು ಕಂಡಕಂಡವರಿಗೆಲ್ಲ ಹೇಳುತ್ತಿದ್ದಳು. ಡಾಕ್ಟರಿಗೆ ಥ್ಯಾಂಕ್ಸ್, ಸಿಸ್ಟರಿಗೆ ಥ್ಯಾಂಕ್ಸ್, ನೆಲ ಒರೆಸುವವಳಿಗೆ ಥ್ಯಾಂಕ್ಸ್. ಲಿಫ್ಟಿಗೂ ಹೇಳಿದ್ದಳೋ ಏನೋ.

ನನ್ನನ್ನು ನಿಲ್ಲಿಸಿ, ನಿಮ್ಮ ಚಿಕ್ಕಮ್ಮ ಹೇಗಿದ್ದಾರೆ ಎಂದು ಕೇಳಿದಳು. ಪರವಾಗಿಲ್ಲ ಎಂದೆ. ಅವರಿಗೂ ಹಿಡಿಯುತ್ತೆ ಬಿಡಿ, ಒಬ್ಬೊಬ್ಬರ ಮೈ ಒಂದೊಂದು ಥರ ಎಂದು ನನ್ನ ಬೆನ್ನು ತಟ್ಟಿದಳು. ಕಳ್ಳರನ್ನು ಹಿಡಿಯಲು ಹೊರಟವಳಿಗೆ ಕದ್ದ ಮಾಲೇ ಸಮಾಧಾನ ಹೇಳಿದ ಹಾಗಿತ್ತು. ಆದರೂ ಅವಳು ಎದ್ದು ನೆಟ್ಟಗೆ ನಡೆದುಹೋದದ್ದನ್ನು ನೋಡಿ ನನಗೆ ಕೆಟ್ಟದೆನಿಸಲಿಲ್ಲ.

ಔಷಧದ ಜವಾಬ್ದಾರಿ ಫಾರ್ಮಸಿಸ್ಟನದು. ಬೀಗದ ಕೈ ಗೊಂಚಲನ್ನು ಸೊಂಟಕ್ಕೆ ಕಟ್ಟಿಕೊಂಡು ಓಡಾಡುವ ಆಸಾಮಿ. ಅವನು ಬರುವುದು ಅವನಿಗಿಂತ ಮೊದಲು ಕಿವಿಗೆ ಬೀಳುತ್ತಿತ್ತು. ಬೀಗವಿದ್ದದ್ದು ಮಾತ್ರ ಖಾಲಿ ಫ್ರಿಜ್ಜಿಗೆ. ಅದು ಕೆಟ್ಟು ಎಷ್ಟೋ ತಿಂಗಳಾಗಿತ್ತು. ಔಷಧವೆಲ್ಲ ಲ್ಯಾಬಿನ ಹಿಂದಿನ ತಣ್ಣನೆ ಕೋಣೆಯಲ್ಲಿ, ರಕ್ತದ ಮಾದರಿಗಳ ಪಕ್ಕದ ಕಪಾಟಿನಲ್ಲಿತ್ತು. ಅಲ್ಲಿಗೆ ಅವನೂ ಹೋಗುತ್ತಾನೆ, ದೊಡ್ಡ ಡಾಕ್ಟರೂ ಹೋಗುತ್ತಾರೆ, ಚುಚ್ಚುಮದ್ದು ಕೊಡುವ ಸಿಸ್ಟರೂ, ಲ್ಯಾಬಿನವರೂ ಹೋಗುತ್ತಾರೆ.

ಪರೀಕ್ಷೆಯನ್ನು ನಡುವೆ ಬಿಟ್ಟುಹೋದವರ ಡಬ್ಬಿಗಳೂ ಅಲ್ಲೇ ಇದ್ದವು. ಕಂಪನಿಗೆ ವಾಪಸು ಹೋಗಬೇಕಾದ ಡಬ್ಬಿಗಳು. ಎಣಿಕೆ ಸರಿಯಿದೆ ಎಂದು ಅವನು ಎದೆ ಮುಟ್ಟಿ ಹೇಳಿದ. ಸರಿಯೇ ಇರುತ್ತದೆ. ನೀರಿನ ಬಾಟಲಿ ಆ ಡಬ್ಬಿಗೆ, ಆ ಡಬ್ಬಿಯ ಬಾಟಲಿ ಈ ರೋಗಿಗೆ. ಅಂಟಿಸಿದ ಚೀಟಿ ಅದಲು ಬದಲಾದರೆ ಎಣಿಕೆಗೇನು ಕುಂದು?

ಕೈ ಯಾರದ್ದೂ ಆಗಿರಬಹುದು. ನನಗೆ ಕಗ್ಗಂಟಾಗಿದ್ದು ಬೇರೆ. ಎರಡು ಬಾಟಲಿಯೂ ನೋಡಲು ಒಂದೇ. ಬಣ್ಣವಿಲ್ಲ, ವಾಸನೆಯಿಲ್ಲ. ಯಾರು ನೀರಿನವರು, ಯಾವ ಡಬ್ಬಿಯಲ್ಲಿ ನಿಜವಾದ ಔಷಧವಿದೆ, ಇದು ಕಳ್ಳರಿಗೆ ಗೊತ್ತಾದದ್ದು ಹೇಗೆ? ಮತ್ತೆ ಅಷ್ಟೆಲ್ಲ ಗೊತ್ತಿದ್ದವರಿಗೆ ಚಿಕ್ಕಮ್ಮ ನೀರಿನವಳೆಂದು ಹೇಗೆ ಗೊತ್ತಾಗಲಿಲ್ಲ?

ಚಿಕ್ಕಮ್ಮ ಅಂದು ಫಿಜಿಯೋಥೆರಪಿ ಮುಗಿಸಿ ಕ್ಯಾಂಟೀನಿನಲ್ಲಿ ಕೂತಿದ್ದಳು. ಎದುರಿಗಿದ್ದ ಅಪರಿಚಿತಳೊಬ್ಬಳಿಗೆ ಮೂಳೆಯ ಪಾಠ ನಡೆದಿತ್ತು. ದೊಡ್ಡ ಡಾಕ್ಟರು ಚಿತ್ರ ಬರೆದು ವಿವರಿಸಿದ್ದನ್ನು ಅವಳು ಎಂದೋ ತನ್ನ ಅಂಗಡಿಯ ಭಾಷೆಗೆ ತಿರುಗಿಸಿಕೊಂಡಿದ್ದಳು. ಮೂಳೆಯೊಳಗೆ ಹಳೆ ಹೊಲಿಗೆ ಬಿಚ್ಚುವವರು ಒಂದಷ್ಟು ಜನ, ಹೊಸದಾಗಿ ಹೊಲಿಯುವವರು ಒಂದಷ್ಟು ಜನ. ಇನ್ನು ಕೆಲವರು ಮೂಳೆಯಲ್ಲೇ ಹೂತುಕೊಂಡು ಕೂತು, ಭಾರ ಎಲ್ಲಿ ಬೀಳುತ್ತಿದೆ ಎಂದು ನೋಡಿ ಬಿಚ್ಚು, ಹೊಲಿ ಎಂದು ಹೇಳಿಕಳಿಸುತ್ತಾರೆ. ವಯಸ್ಸಾದ ಮೇಲೆ ಬಿಚ್ಚು ಎನ್ನುವ ಸುದ್ದಿಯೇ ಜಾಸ್ತಿ. ಈ ಔಷಧ ಆ ಸುದ್ದಿಯನ್ನು ದಾರಿಯಲ್ಲೇ ಹಿಡಿದು ಕೂರಿಸುತ್ತದೆ.

"ಬಿಚ್ಚುವಾಗ ದಾರದ ಚೂರು ಉದುರುತ್ತಲ್ಲ, ಅದು ರಕ್ತಕ್ಕೆ ಬರುತ್ತೆ," ಎಂದು ಮುಗಿಸಿದಳು. "ತಿಂಗಳಿಗೊಂದು ಸಲ ರಕ್ತ ತೆಗೆದು ಅದನ್ನ ಅಳೀತಾರೆ."

ಅಪರಿಚಿತಳು ತಲೆದೂಗಿ, ತನ್ನ ತೊಂದರೆ ಕಿಡ್ನಿಯದ್ದು ಎಂದು ಹೇಳಿ ಎದ್ದುಹೋದಳು.

"ಏನೇ ಪತ್ತೇದಾರಮ್ಮ, ಮುಖ ಇಂಗು ತಿಂದ ಮಂಗನ ಹಾಗಿದೆ? ನನ್ನ ಚೀಲದಲ್ಲಿ ಕನ್ನಡಕ ಇದೆ, ತೆಗೆದುಕೊಡು."

ಚೀಲದಲ್ಲಿ ಕೈಯಾಡಿಸಿದೆ. ಕನ್ನಡಕಕ್ಕಿಂತ ಮೊದಲು ಸಿಕ್ಕಿದ್ದು ಕಾಗದದ ಚೂರುಗಳು. ಇದೇ ಕ್ಯಾಂಟೀನಿನ ಬನ್ನಿನ ಹೊದಿಕೆ, ಮಡಿಸಿ ಮಡಿಸಿ ತಳಕ್ಕೆ ತುರುಕಿದ್ದು. ಆಸ್ಪತ್ರೆಗೆ ನಾನೇ ಅವಳನ್ನು ಕರೆತರುವುದು, ನಾನೇ ಮನೆಗೆ ಕರೆದೊಯ್ಯುವುದು. ಅವಳು ಇಲ್ಲಿ ಬನ್ನು ತಿಂದದ್ದನ್ನು ನಾನು ನೋಡಿರಲಿಲ್ಲ.

ಯಾವಾಗ ತಿಂದೆ ಎಂದು ಕೇಳಿದೆ. ಅವಳು ಕನ್ನಡಕ ಒರೆಸತೊಡಗಿದಳು. ಒರೆಸಿ ಮುಗಿಯಲಿಲ್ಲ. ನಾನೂ ಬಿಡಲಿಲ್ಲ.

ಕೊನೆಗೆ ಬಾಯಿ ಬಿಟ್ಟಳು. ಮೊದಲ ತಿಂಗಳು ಸಿಸ್ಟರ್ ಹೇಳಿದ ಹಾಗೆ ಖಾಲಿ ಹೊಟ್ಟೆಯಲ್ಲೇ ರಕ್ತ ಕೊಟ್ಟಿದ್ದಳು. ತಲೆ ತಿರುಗಿ ಗೋಡೆ ಹಿಡಿದುಕೊಳ್ಳಬೇಕಾಯಿತು. ಬಿದ್ದರೆ ಬೆನ್ನಿನ ಗತಿಯೇನು? ಅಂದಿನಿಂದ ನಾನು ಗಾಡಿ ನಿಲ್ಲಿಸಿ ಬರುವಷ್ಟರಲ್ಲಿ ಒಂದು ಬನ್ನು ಕೊಂಡು, ಹೆಂಗಸರ ಬಾತ್‌ರೂಮಿನಲ್ಲಿ ನಿಂತು ನುಂಗಿ, ಬಾಯಿ ಮುಕ್ಕಳಿಸಿ ಬರುತ್ತಿದ್ದಳು. ಪ್ರತಿ ತಿಂಗಳೂ.

"ಸಿಸ್ಟರ್ ಕೇಳಲಿಲ್ವಾ?"

"ಏನಾದ್ರೂ ತಿಂದಿದೀರಾ ಅಂತ ಕೇಳ್ತಾಳೆ. ಇಲ್ಲ ಅಂತೀನಿ. ರಕ್ತ ನನ್ನದು, ಬನ್ನು ನಾನು ಕೊಂಡಿದ್ದು. ಅವಳಿಗೇನು ನಷ್ಟ?"

ನಾನು ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಕಗ್ಗಂಟಿನ ಎಳೆ ಕೈಗೆ ಸಿಕ್ಕಿತ್ತು.

ಕಳ್ಳರ ಹತ್ತಿರ ಗುಟ್ಟಿನ ಪಟ್ಟಿ ಇದ್ದಿದ್ದರೆ ಚಿಕ್ಕಮ್ಮ ತಪ್ಪಿಹೋಗುತ್ತಿರಲಿಲ್ಲ. ಪಟ್ಟಿ ಇರಲಿಲ್ಲ. ಅವರು ನೋಡಿದ್ದು ರಕ್ತವನ್ನು. ಔಷಧ ಸಿಕ್ಕವರ ರಕ್ತದಲ್ಲಿ ಚೂರು ಕಡಿಮೆಯಾಗುತ್ತದೆ, ನೀರು ಸಿಕ್ಕವರದ್ದರಲ್ಲಿ ಆಗುವುದಿಲ್ಲ. ಅದನ್ನು ನೋಡಿದವರಿಗೆ ಬೇರೆ ಪಟ್ಟಿ ಬೇಕಿಲ್ಲ. ಬನ್ನು ತಿಂದು ಬಂದ ಚಿಕ್ಕಮ್ಮನ ರಕ್ತ ಮಾತ್ರ ಅವರಿಗೆ ಸುಳ್ಳು ಹೇಳಿರಬೇಕು. ಆ ಫಲಿತಾಂಶವನ್ನು ದೊಡ್ಡ ಡಾಕ್ಟರಿಗೂ ತೋರಿಸುವಂತಿರಲಿಲ್ಲ. ಅದು ಲ್ಯಾಬಿನಿಂದ ನೇರವಾಗಿ ಮುದ್ರೆ ಹಾಕಿ ಸಮಿತಿಗೆ ಹೋಗುತ್ತಿತ್ತು.

ಚಿಕ್ಕಮ್ಮನನ್ನು ಅಲ್ಲೇ ಕೂರಿಸಿ ಲ್ಯಾಬಿಗೆ ಹೋದೆ.

ಲ್ಯಾಬಿನ ಮುಖ್ಯಸ್ಥೆಯನ್ನು ಎಲ್ಲರೂ ಲ್ಯಾಬ್ ಮೇಡಂ ಎನ್ನುತ್ತಿದ್ದರು. ಐವತ್ತರ ಆಸುಪಾಸು, ಟೋಪಿಯೊಳಗೆ ಒಂದು ಕೂದಲೂ ಹೊರಬಾರದ ಹಾಗೆ ಸೇರಿಸಿದ ತಲೆ. ಮಾತು ಕಡಿಮೆ. ನಾನು ಹೋದಾಗ ಗಾಜಿನ ನಳಿಗೆಗಳನ್ನು ಗೂಡಿಗೆ ಜೋಡಿಸುತ್ತಿದ್ದರು. ಸಹಾಯಕರು ಊಟಕ್ಕೆ ಹೋಗಿದ್ದರು. ಹಿಂದಿನ ತಣ್ಣನೆ ಕೋಣೆಯ ಯಂತ್ರ ಗುಂಯ್‌ಗುಡುತ್ತಿತ್ತು.

ನಾನು ಸುತ್ತಿಬಳಸಲಿಲ್ಲ.

"ಮೇಡಂ, ರಕ್ತ ಕೊಡೋ ಮುಂಚೆ ತಿಂದ್ರೆ ಏನಾಗುತ್ತೆ?"

"ತಿನ್ನಬಾರದು." ತಲೆಯೆತ್ತಲಿಲ್ಲ. "ಊಟ ಆದ ಕೂಡ್ಲೆ ಹೊಟ್ಟೆಯಿಂದ ಮೂಳೆಗೆ ಸುದ್ದಿ ಹೋಗುತ್ತೆ. ಮೂಳೆ ಕರಗೋದು ಸ್ವಲ್ಪ ಹೊತ್ತು ನಿಲ್ಲುತ್ತೆ. ಲೆಕ್ಕ ಸುಳ್ಳು ಬರುತ್ತೆ."

"ಔಷಧ ಕೆಲಸ ಮಾಡ್ತಿದೆ ಅನ್ನೋ ಹಾಗೆ ಕಾಣುತ್ತೆ."

"ಸ್ವಲ್ಪ ಮಟ್ಟಿಗೆ."

"ನನ್ನ ಚಿಕ್ಕಮ್ಮ ಪ್ರತಿ ತಿಂಗಳೂ ಬನ್ನು ತಿಂದು ಬರ್ತಿದ್ದಳು."

ಅವರ ಕೈ ನಿಂತಿತು. ನಳಿಗೆಯೊಂದು ಗೂಡಿನ ತೂತಿನ ಅಂಚಿಗೆ ಬಡಿದು ಸಣ್ಣಗೆ ಸದ್ದಾಯಿತು. ಅವರು ಕೇಳಬೇಕಿದ್ದದ್ದು, ಅದಕ್ಕೂ ನನಗೂ ಏನು ಸಂಬಂಧ ಎಂದು. ಕೇಳಲಿಲ್ಲ. ಬಾಯಿಂದ ಬಂದದ್ದು ಬೇರೆ.

"ಅಯ್ಯೋ. ಅವರು ನೀರಿನವರಾ?"

ಅಷ್ಟು ಸಾಕಿತ್ತು. ಅದು ಅವರಿಗೂ ತಿಳಿಯಿತು. ಸ್ಟೂಲ್ ಎಳೆದು ಕೂತರು. ನನಗೂ ಒಂದನ್ನು ತಳ್ಳಿದರು.

"ಪೂರ್ತಿ ಇಳಿದಿರಲಿಲ್ಲ," ಎಂದರು. "ಅರ್ಧಕ್ಕೆ ಬಂದಿತ್ತು. ವಯಸ್ಸಾದ ಮೈ, ನಿಧಾನಕ್ಕೆ ಹಿಡೀತಿದೆ ಅಂದ್ಕೊಂಡೆ. ಅವರಿಗೆ ಔಷಧ ಸಿಗ್ತಿದೆ ಅಂತ ಸಮಾಧಾನದಲ್ಲಿದ್ದೆ."

ಮಿಕ್ಕದ್ದನ್ನು ನಾನು ಕೇಳುವ ಮೊದಲೇ ಹೇಳಿದರು. ಬಿಟ್ಟುಹೋದವರಲ್ಲಿ ಯಾರ ಡಬ್ಬಿಯಲ್ಲಿ ನಿಜವಾದ ಔಷಧವಿದೆ ಎಂಬುದೂ ಅವರ ಹಳೆಯ ರಕ್ತದಿಂದಲೇ ತಿಳಿದಿತ್ತು. ಚೀಟಿ ಬಿಡಿಸಲು ಬೇಕಾದದ್ದು ಸ್ವಲ್ಪ ಹಬೆ, ಒಂದು ಚಿಮುಟ. ಯಾರ ಸಹಾಯವೂ ಬೇಕಿರಲಿಲ್ಲ. ದುಡ್ಡಿನ ಮಾತೂ ಇರಲಿಲ್ಲ. ಆ ಒಂಬತ್ತು ಹೆಂಗಸರಿಗೆ ಇವರ ಮುಖಪರಿಚಯವೂ ಇರಲಿಲ್ಲ.

ಏಕೆ ಮಾಡಿದಿರಿ ಎಂದು ಕೇಳಿದೆ.

"ನನ್ನಮ್ಮ ಹಿಂದೆ ಇಂಥದ್ದೇ ಒಂದು ಪರೀಕ್ಷೆಯಲ್ಲಿದ್ದಳು. ನೀರಿನ ಗುಂಪು. ಪರೀಕ್ಷೆ ಮುಗಿಯೋ ಮುಂಚೆ ಸೊಂಟ ಮುರೀತು. ಆಮೇಲೆ ಏಳಲೇ ಇಲ್ಲ." ಕೈಗವಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. "ಆ ಔಷಧ ಗೆದ್ದಿತು. ದೊಡ್ಡ ಲೇಖನ ಬಂತು. ಕೊನೇ ಸಾಲು, ಭಾಗವಹಿಸಿದ ಎಲ್ಲರಿಗೂ ನಾವು ಕೃತಜ್ಞರು. ಅಮ್ಮನಿಗೆ ಓದಿ ಹೇಳಿದೆ. ನನ್ನ ಹೆಸರು ಎಲ್ಲಿ ಅಂತ ಕೇಳಿದಳು."

"ಏನಂದ್ರಿ?"

"ಎಲ್ಲರಿಗೂ ಅಂದ್ರೆ ಅದ್ರಲ್ಲಿ ನೀನೂ ಇದೀಯ ಅಂದೆ. ಅವಳಿಗೆ ಖುಷಿಯಾಯ್ತು. ಅದು ನನಗೆ ಸಹಿಸೋಕಾಗಲಿಲ್ಲ."

ನನ್ನ ಕೆಲಸದಲ್ಲಿ ಕರುಣಾಜನಕ ಕಥೆಗಳನ್ನು ಬೇಕಾದಷ್ಟು ಕೇಳಿದ್ದೇನೆ. ಇದು ಸುಳ್ಳಲ್ಲವೆಂದು ತಿಳಿಯಿತು. ಆದರೂ ಹೇಳಬೇಕಾದದ್ದನ್ನು ಹೇಳಿದೆ.

"ನಿಮ್ಮಮ್ಮನ ಸೊಂಟ ಮುರಿದದ್ದರಿಂದಲೇ ಆ ಔಷಧ ಕೆಲಸ ಮಾಡುತ್ತೆ ಅಂತ ಗೊತ್ತಾಯ್ತು, ಮೇಡಂ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ಅದಕ್ಕೇ ಈ ಔಷಧ ದಂಡ ಅಂತ ತೀರ್ಮಾನ ಆಗ್ತಿದೆ. ಒಂಬತ್ತು ಜನಕ್ಕೆ ಕೊಟ್ಟು, ಹೊರಗಿರೋ ಎಷ್ಟು ಸಾವಿರ ಜನರಿಂದ ಕಿತ್ಕೊಂಡ್ರಿ?"

"ಗೊತ್ತಿತ್ತು." ಕಣ್ಣು ತಪ್ಪಿಸಲಿಲ್ಲ. "ಪ್ರತಿ ತಿಂಗಳೂ ಗೊತ್ತಿತ್ತು. ಈ ತಿಂಗಳು ನಿಲ್ಲಿಸ್ತೀನಿ ಅಂದ್ಕೊಳ್ತಿದ್ದೆ. ಅಷ್ಟೊತ್ತಿಗೆ ಆ ಕಂಡಕ್ಟರಮ್ಮ ಮೆಟ್ಟಿಲು ಹತ್ತಿ ಬರ್ತಿದ್ದಳು. ಲಿಫ್ಟ್ ಬಿಟ್ಟು, ಬೇಕಂತಲೇ ಮೆಟ್ಟಿಲು ಹತ್ತಿ."

ನಂತರ ಅವರೇ ಎದ್ದು ಓಡಾಡತೊಡಗಿದರು. ಲೆಕ್ಕ ಹಾಕುವವರ ನಡಿಗೆ. ಕೊನೆಗೊಂದು ದಾರಿ ಕಂಡಿದ್ದು ಅವರಿಗೇ. ಯಾರ್ಯಾರಿಗೆ, ಯಾವ ತಿಂಗಳಿಂದ ಬದಲಿಸಿದೆ ಎಂಬುದನ್ನು ಸಮಿತಿಯ ಮುಂದೆ ಹೇಳುತ್ತೇನೆ ಎಂದರು. ಆ ಒಂಬತ್ತು ಜನರ ರಕ್ತದಲ್ಲಿ ಚೂರು ಯಾವಾಗ ಇಳಿಯಿತು ಎಂಬುದು ತಮ್ಮ ಮಾತಿಗೆ ಸರಿಯಾಗಿ ಕೂಡಿಬರುತ್ತದೆ. ಆದರೆ ಕಳ್ಳಿಯೊಬ್ಬಳ ಮಾತನ್ನು ಯಾರು ನಂಬುತ್ತಾರೆ? ಬರೀ ನೀರು ಪಡೆದು, ಬರೀ ನೀರಿನ ಹಾಗೇ ಉಳಿದ ಒಬ್ಬರಾದರೂ ಕಣ್ಣೆದುರಿಗೆ ಇರಬೇಕು.

"ನಿಮ್ಮ ಚಿಕ್ಕಮ್ಮ," ಎಂದರು. "ನಿಜವಾದ ಖಾಲಿ ಹೊಟ್ಟೆಯಲ್ಲಿ ಅವರ ರಕ್ತ ತೆಗೆದರೆ ಚೂರು ಮೊದಲಿನಷ್ಟೇ ಇರುತ್ತೆ. ಬೆನ್ನಿನ ಚಿತ್ರ ಅದಕ್ಕೆ ಹೊಂದುತ್ತೆ. ಔಷಧ ಸಿಕ್ಕವರು ಗಟ್ಟಿಯಾದ್ರು, ಸಿಗದವರು ಆಗಲಿಲ್ಲ ಅಂತ ತೋರಿಸೋಕೆ ಉಳಿದಿರೋದು ಅವರೊಬ್ಬರೇ. ಅವರು ಒಪ್ಪಿದ್ರೆ ಔಷಧ ಉಳಿಯುತ್ತೆ. ಸಮಿತಿಯವರು ಪರೀಕ್ಷೇನ ಮತ್ತೆ ಮೊದಲಿಂದ ಮಾಡಿಸ್ತಾರೆ."

ಅವರು ತಣ್ಣನೆ ಕೋಣೆಗೆ ಹೋಗಿ ಒಂದು ಡಬ್ಬಿ ತಂದರು. ಬಿಟ್ಟುಹೋದವರದ್ದು, ನಿಜವಾದ ಔಷಧ. ಮುಚ್ಚಳ ತೆಗೆದು ಹುಬ್ಬು ಗಂಟಿಕ್ಕಿದರು. ಚೀಟಿ ಬಿಡಿಸದ ಬಾಟಲಿ ಎರಡು ಇರಬೇಕಿತ್ತಲ್ಲ, ಒಂದೇ ಇದೆ ಎಂದು ತಮ್ಮಷ್ಟಕ್ಕೆ ಗೊಣಗಿ, ತಾವೇ ಎಣಿಸುವಾಗ ತಪ್ಪಿರಬೇಕು ಎಂದುಕೊಂಡರು. ಆಮೇಲೆ ಅದನ್ನು ನನ್ನ ಮುಂದೆ ಇಟ್ಟರು.

"ಇದು ಅವರಿಗೆ ಸೇರಬೇಕಿತ್ತು. ನನ್ನಿಂದ ತಪ್ಪಿಹೋಯ್ತು. ಬೇಕಿದ್ರೆ ಈಗಲೇ ತಗೊಂಡು ಹೋಗಿ, ನಾನು ನೋಡಿಲ್ಲ. ಆದ್ರೆ ಇದನ್ನ ಕೊಟ್ರೆ ಅವರು ಸಾಕ್ಷಿಯಾಗಿ ಉಳಿಯಲ್ಲ."

ಬೆರಳಿನಷ್ಟು ಬಾಟಲಿ. ಗಾಜಿನ ಮೇಲೆ ತೇವ ಮೂಡುತ್ತಿತ್ತು. ಕೈ ಚಾಚಲಿಲ್ಲ. ಚಾಚಬೇಕೆನಿಸಲಿಲ್ಲ ಎಂದು ಹೇಳಲಾರೆ. ಚಿಕ್ಕಮ್ಮ ಎದ್ದು ನಿಲ್ಲುವಾಗ ಮೇಜಿನ ಅಂಚು ಹಿಡಿದು ಮೊದಲು ಉಸಿರು ಬಿಗಿಹಿಡಿಯುವುದು ನೆನಪಾಯಿತು. ಸ್ಟೂಲಿನಿಂದ ಎದ್ದು, ಕೈಗಳನ್ನು ಜೇಬಿಗೆ ತುರುಕಿ, ವಾಪಸು ಇಡಿ ಎಂದೆ.

ಬಾಗಿಲ ಹತ್ತಿರ ಹೋದವಳು ತಿರುಗಿ ಥ್ಯಾಂಕ್ಸ್ ಹೇಳಿದೆ. ಏತಕ್ಕೆ ಎಂದು ಅವರು ಕೇಳಿದರು. ಕಾರಿಡಾರಿನಲ್ಲಿ ಕೂರುವ ಆ ಹೆಂಗಸರ ಪರವಾಗಿ ಎಂದೆ. ಅವರಿಗಂತೂ ಯಾರಿಗೆ ಹೇಳಬೇಕೆಂದು ಗೊತ್ತಿಲ್ಲ. ತಪ್ಪು ತಪ್ಪೇ. ಆದರೆ ಹೇಳದೆ ಹೋಗಲು ಮನಸ್ಸಾಗಲಿಲ್ಲ.

ಲ್ಯಾಬ್ ಮೇಡಂ ಟೋಪಿ ತೆಗೆದು ಮುಖ ಒರೆಸಿಕೊಂಡರು. ಕೂದಲು ಪೂರ್ತಿ ಬೆಳ್ಳಗಿತ್ತು.

ಅಧ್ಯಕ್ಷೆಗೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಬಾಟಲಿಯನ್ನು ನನಗೆ ಕೊಡಲು ಬಂದದ್ದನ್ನೂ ಹೇಳಿದೆ. ನಾಳೆ ಬೆಳಗ್ಗೆಯೇ ಎಲ್ಲರೂ ಸೇರೋಣ, ರಕ್ತ ಅಳೆಯಲು ಹೊರಗಿನ ತಂತ್ರಜ್ಞನನ್ನು ಕರೆಸುತ್ತೇನೆ ಎಂದರು. ನಿಮ್ಮ ಚಿಕ್ಕಮ್ಮ ಒಪ್ಪಬೇಕಷ್ಟೆ ಎಂದರು.

ಚಿಕ್ಕಮ್ಮನಿಗೆ ಹೇಳುವುದು ಇದಕ್ಕಿಂತ ಕಷ್ಟವಾಗಬಹುದು ಎಂದುಕೊಂಡಿದ್ದೆ. ಇಷ್ಟು ತಿಂಗಳೂ ನಿನಗೆ ಸಿಕ್ಕಿದ್ದು ಉಪ್ಪುನೀರು ಎಂದೆ. ಅವಳು ನಗತೊಡಗಿದಳು. ನಗುವಾಗ ಬೆನ್ನು ಹಿಡಿದುಕೊಳ್ಳಬೇಕಾಯಿತು.

"ನೋವು ಅರ್ಧಕ್ಕರ್ಧ ಕಮ್ಮಿ ಆಯ್ತು ಅಂತ ಊರೆಲ್ಲ ಡಂಗುರ ಹೊಡ್ಕೊಂಡು ಬಂದೆನಲ್ಲೇ. ಆ ಸಿಸ್ಟರಿಗೆ ಒಂದು ರವಿಕೆ ಬೇರೆ ಹೊಲಿದುಕೊಟ್ಟೆ."

ಸಿಟ್ಟು ಬರಲಿಲ್ಲವೇ ಎಂದು ಕೇಳಿದೆ. ಬಂತು ಎಂದಳು. ಆದರೆ ಸೇರುವಾಗಲೇ ನೀರು ಸಿಗಬಹುದು ಎಂದು ಹೇಳಿದ್ದರಲ್ಲ, ಯಾರನ್ನು ಬೈಯುವುದು? ತನಗೆ ಮೊದಲು ಎಷ್ಟೋ ಜನ ನೀರು ಚುಚ್ಚಿಸಿಕೊಂಡಿದ್ದಕ್ಕೇ ಇಂದು ಇಷ್ಟಾದರೂ ಔಷಧಗಳಿವೆ. ಬಗ್ಗಿ ಹೊಲಿಯುವುದಕ್ಕೆ ಬಿಟ್ಟು ಬೇರಾವುದಕ್ಕೂ ಬಾರದ ಬೆನ್ನು ಈಗ ಸಾಕ್ಷಿ ಹೇಳುವಷ್ಟು ದೊಡ್ಡದಾಯಿತಲ್ಲ ಎಂದು ಅವಳಿಗೆ ಒಳಗೊಳಗೇ ಹೆಮ್ಮೆಯೂ ಆದಂತಿತ್ತು. ಲ್ಯಾಬ್ ಮೇಡಂಗೆ ಶಿಕ್ಷೆಯಾಗುತ್ತದೆಯೇ ಎಂದು ಎರಡು ಸಲ ಕೇಳಿದಳು. ನನಗೆ ಗೊತ್ತಿಲ್ಲ ಎಂದೆ.

"ಸರಿ, ಬರ್ತೀನಿ. ಆದ್ರೆ ರಕ್ತ ತೆಗೆದ ಮರುಕ್ಷಣ ನನ್ನ ಕೈಯಲ್ಲಿ ಬನ್ನು ಇರಬೇಕು. ಎಲ್ಲರ ಎದುರಿಗೇ ತಿಂತೀನಿ."

ಆ ರಾತ್ರಿ ಅವಳು ಆಸ್ಪತ್ರೆಯ ವಾರ್ಡಿನಲ್ಲೇ ಮಲಗಿದಳು. ಅಧ್ಯಕ್ಷೆ ಕಳಿಸಿದ ನರ್ಸ್ ಒಬ್ಬಳು ಹಾಸಿಗೆಯ ಪಕ್ಕ ಕಾವಲಿದ್ದಳು. ಚಿಕ್ಕಮ್ಮನ ಚೀಲವನ್ನೂ ತೆಗೆದಿಟ್ಟರು. ಜೈಲಿನಲ್ಲಾದರೂ ಟೀ ಕೊಡುತ್ತಾರೆ ಎಂದು ಗೊಣಗಿದಳಂತೆ.

ಬೆಳಗ್ಗೆ ಸಮಿತಿಯ ಕೋಣೆಯಲ್ಲಿ ಉದ್ದ ಮೇಜಿನ ಒಂದು ತುದಿಗೆ ಅಧ್ಯಕ್ಷೆ, ಪಕ್ಕದಲ್ಲಿ ದೊಡ್ಡ ಡಾಕ್ಟರು, ಎದುರಿಗೆ ಲ್ಯಾಬ್ ಮೇಡಂ. ಮೇಡಂ ಯಾವುದನ್ನೂ ಮುಚ್ಚಿಡಲಿಲ್ಲ. ದೊಡ್ಡ ಡಾಕ್ಟರು ನಡುನಡುವೆ ಕನ್ನಡಕ ತೆಗೆದು ಹಣೆ ಉಜ್ಜಿಕೊಂಡರು. ಕೊನೆಯಲ್ಲಿ ಅಧ್ಯಕ್ಷೆ, ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕೆ ಧನ್ಯವಾದ ಎಂದರು. ಗದರಿಸಲಿಲ್ಲ. ಕೆಲಸ ಸಲೀಸಾಗಿ ಮುಗಿಯುತ್ತಿದೆ ಎಂದು ನನಗೆ ನೆಮ್ಮದಿಯಾಯಿತು.

ರಕ್ತವನ್ನು ಅಷ್ಟರಲ್ಲಿ ತೆಗೆದಾಗಿತ್ತು. ಚಿಕ್ಕಮ್ಮ ನನ್ನ ಪಕ್ಕ ಕೂತು ಮಾತಿಗೆ ತಪ್ಪದೆ ಬನ್ನು ತಿನ್ನುತ್ತಿದ್ದಳು.

ಹೊರಗಿನ ತಂತ್ರಜ್ಞ ಒಳಗೆ ಬಂದ. ಬರಬೇಕಿದ್ದ ಸಮಯಕ್ಕಿಂತ ತಡವಾಗಿ ಬಂದಿದ್ದ.

"ಅನುಮಾನ ಬಂದು ಇನ್ನೊಂದು ಸಲ ಅಳೆದೆ," ಎಂದ. "ತಳ ಮುಟ್ಟಿದೆ. ಚೂರು ಇಲ್ಲವೇ ಇಲ್ಲ ಅನ್ನಬೇಕು."

ಲ್ಯಾಬ್ ಮೇಡಂ ಕಾಗದಕ್ಕೆ ಕೈ ಚಾಚಿ, ತಮಗೆ ಆ ಹಕ್ಕಿಲ್ಲವೆಂದು ನೆನಪಾಗಿ ಹಿಂದಕ್ಕೆಳೆದುಕೊಂಡರು.

"ಏನಾದ್ರೂ ತಿಂದಿದ್ರಾ?" ದೊಡ್ಡ ಡಾಕ್ಟರು ಕೇಳಿದರು.

ಕಾವಲಿದ್ದ ನರ್ಸ್ ಇಲ್ಲವೆಂದು ತಲೆಯಾಡಿಸಿದಳು. ಊಟದಿಂದ ಇಷ್ಟು ಇಳಿಯುವುದೂ ಇಲ್ಲ ಎಂದ ತಂತ್ರಜ್ಞ. ಅರ್ಧಕ್ಕೆ ಬರಬಹುದು, ತಳಕ್ಕಲ್ಲ. ಇದು ಔಷಧದ ಕೆಲಸ, ಅದೂ ಇತ್ತೀಚೆಗೆ ಸಿಕ್ಕಿದ್ದು.

ಎರಡನೆಯ ಬಾಟಲಿ ಎಲ್ಲಿಗೆ ಹೋಗಿತ್ತೆಂದು ಈಗ ಗೊತ್ತಾಯಿತು. ಈ ತಿಂಗಳು ಚಿಕ್ಕಮ್ಮನಿಗೆ ಚುಚ್ಚಿದ್ದು ನೀರಲ್ಲ.

ಉಳಿದಿದ್ದ ಒಬ್ಬಳೇ ಸಾಕ್ಷಿಯೂ ಕೈತಪ್ಪಿದ್ದಳು. ನಾನು ತಲೆ ಮೇಲೆ ಕೈಹೊತ್ತು ಕೂರಬೇಕಿತ್ತು. ಬದಲಿಗೆ ಎದೆಯಲ್ಲಿ ಏನೋ ಸಡಿಲಾಯಿತು. ಅವಳ ಬೆನ್ನನ್ನು ಬಿಚ್ಚುವವರು ಸುಮ್ಮನಾಗಿದ್ದರು. ಯಾರು ಕೊಟ್ಟರೋ ಅವರ ಕಾಲಿಗೆ ಬೀಳುವಷ್ಟು ಋಣ ನನ್ನ ಮೇಲೆ ಬಿತ್ತು ಎನಿಸಿತು.

"ನಾನಲ್ಲ," ಎಂದರು ಲ್ಯಾಬ್ ಮೇಡಂ.

"ನೀವಲ್ಲ ಅಂತ ಗೊತ್ತು," ಎಂದರು ಅಧ್ಯಕ್ಷೆ. "ಇವರು ನೀರಿನವರು ಅಂತ ನಿನ್ನೆ ಮಧ್ಯಾಹ್ನದವರೆಗೂ ನಿಮಗೆ ಗೊತ್ತೇ ಇರಲಿಲ್ಲ."

ಅವರ ನೋಟ ಮೇಡಂ ಮೇಲಿಂದ ಸರಿದು, ಡಾಕ್ಟರನ್ನು ದಾಟಿ, ನನ್ನ ಮೇಲೆ ಬಂದು ನಿಂತಿತು. ಈ ತಿಂಗಳ ಚುಚ್ಚುಮದ್ದಿಗೆ ಮುಂಚೆ ಅದು ಗೊತ್ತಿದ್ದವರು ಇಬ್ಬರೇ ಎಂದು ಅವರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ. ಆ ಇಬ್ಬರಲ್ಲಿ ಬಾಟಲಿ ಬದಲಿಸಿದವಳು ನಾನಲ್ಲ.

ಚಿಕ್ಕಮ್ಮನಿಗೆ ಈ ನೋಟ ಕಾಣಲಿಲ್ಲ. ಅವಳಿಗೆ ಕೇಳಿಸಿದ್ದು ಒಂದೇ, ತನಗೆ ಔಷಧ ಸಿಕ್ಕಿದೆ ಎಂಬುದು. ಬನ್ನಿನ ಚೂರನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, ಎಲ್ಲರ ಎದುರಿಗೆ ನನ್ನ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿತ್ತು.

"ಪುಣ್ಯಾತ್ಗಿತ್ತಿ," ಎಂದಳು. "ನನ್ನನ್ನ ಬರೀ ನೀರಿಗೆ ಬಿಡೋಳಲ್ಲ ನೀನು ಅಂತ ನನಗೆ ಗೊತ್ತಿತ್ತು ಕಣೇ. ನಿನ್ನ ಹೊಟ್ಟೆ ತಣ್ಣಗಿರಲಿ."

ಮೇಜಿನ ಆ ತುದಿಯಲ್ಲಿ ಅಧ್ಯಕ್ಷೆ ಪೆನ್ನಿನ ಮುಚ್ಚಳ ತೆಗೆದರು.